ಗೋದಲಿಗೆ ಎತ್ತು ಕಟ್ಟಿದವರು

1915ರ ಡಿಸೆಂಬರ್ 24ರಂದು ಲಂಡನ್ನಿನ ‘ದಿ ಟೈಮ್ಸ್’ ಪತ್ರಿಕೆಯಲ್ಲಿ ನಾಲ್ಕೇ ಪದ್ಯಗಳ ಒಂದು ಕವಿತೆ ಅಚ್ಚಾಯಿತು. ಗ್ಯಾಲಿಪೊಲಿಯ ಎರಡು ನೆಲೆಗಳಿಂದ ಬ್ರಿಟಿಷ್ ಪಡೆಗಳು ರಾತ್ರಿಯ ಕತ್ತಲಲ್ಲಿ ಕಾಲ್ತೆಗೆದು ಆಗಿನ್ನೂ ನಾಲ್ಕೈದು ದಿನವಾಗಿತ್ತು. ಕವಿತೆ ಯುದ್ಧದ ಮಾತನ್ನೇ ಎತ್ತುವುದಿಲ್ಲ. ಅದರ ಹೆಸರು ‘ದಿ ಆಕ್ಸನ್’, ಅಂದರೆ ಎತ್ತುಗಳು. ಬರೆದ ಥಾಮಸ್ ಹಾರ್ಡಿಗೆ ಆಗ 75 ವರ್ಷ. ಬೆಳೆದ ಚರ್ಚಿನ ನಂಬಿಕೆ ಅವನ ಕೈಬಿಟ್ಟು ದಶಕಗಳೇ ಆಗಿದ್ದವು. ಕ್ರಿಸ್ಮಸ್ಸಿನ ಹಿಂದಿನ ನಡುರಾತ್ರಿ ಕೊಟ್ಟಿಗೆಯ ದನಗಳು ಮೊಣಕಾಲೂರುತ್ತವೆ ಎಂದು ಅವನ ಸೀಮೆಯ ಹಳ್ಳಿಗಳಲ್ಲಿ ಹಿರಿಯರು ಹೇಳುತ್ತಿದ್ದರು. ಬೆಂಕಿ ಕಾಯಿಸುತ್ತ ಅದನ್ನು ಕೇಳಿಸಿಕೊಂಡ ಮಕ್ಕಳಿಗೆ ಅನುಮಾನವೇ ಬಂದಿರಲಿಲ್ಲ. ಈಗ ಅಂಥದ್ದನ್ನು ನಂಬುವವರು ಯಾರು? ಆದರೂ ಯಾರಾದರೂ ಬಂದು ಕರೆದರೆ ತಾನು ಕತ್ತಲಲ್ಲಿ ಜೊತೆಗೆ ಹೊರಡುವವನೇ ಎನ್ನುತ್ತಾನೆ ಮುದುಕ. ಕೊಟ್ಟಿಗೆಯೊಳಗೆ ಏನು ಕಂಡಿತು ಎಂಬುದು ಕವಿತೆಯಲ್ಲಿಲ್ಲ. ಅವನಿನ್ನೂ ಮನೆಯಿಂದ ಹೊರಟೇ ಇಲ್ಲ.

ಕ್ರಿಸ್ಮಸ್ ಕಾವ್ಯದ ಬಗ್ಗೆ ಬರೆಯುವವರು ಭಕ್ತರಿಂದ ಶುರುಮಾಡುವುದು ರೂಢಿ. ನಾನು ಹಾರ್ಡಿಯಿಂದ ಶುರುಮಾಡಿದ್ದು ಬೇಕೆಂದೇ. ಕ್ರೈಸ್ತ ಶ್ರದ್ಧೆ ಮತ್ತು ಕವಿತೆ ಡಿಸೆಂಬರಿನ ಈ ಹಾದಿಯಲ್ಲಿ ಸಾವಿರದಾರುನೂರು ವರ್ಷಗಳಿಂದ ಒಟ್ಟಿಗೆ ನಡೆದು ಬಂದಿವೆ. ಇಬ್ಬರಲ್ಲಿ ಯಾರು ಯಾರ ಕೈ ಹಿಡಿದಿದ್ದಾರೆ ಎಂದು ಕೇಳಿದರೆ ಉತ್ತರ ಶತಮಾನದಿಂದ ಶತಮಾನಕ್ಕೆ ಬದಲಾಗುತ್ತದೆ. ಒಮ್ಮೆ ಕವಿತೆ ಶ್ರದ್ಧೆಯ ಊಳಿಗ ಮಾಡಿದೆ, ಒಮ್ಮೆ ಅದರ ಪರವಾಗಿ ಕತ್ತಿ ಹಿರಿದಿದೆ. ಶ್ರದ್ಧೆ ಹೊರಟುಹೋದ ಮೇಲೂ ಕೊಟ್ಟಿಗೆಯ ಬಾಗಿಲಲ್ಲಿ ಒಂಟಿಯಾಗಿ ನಿಂತದ್ದೂ ಇದೆ.

ಆ ಎತ್ತಿನ ಸಂಗತಿಯನ್ನೇ ನೋಡಿ. ಲೂಕನ ಸುವಾರ್ತೆಯಲ್ಲಿ ಎತ್ತೂ ಇಲ್ಲ, ಕತ್ತೆಯೂ ಇಲ್ಲ. ಛತ್ರದಲ್ಲಿ ಸ್ಥಳವಿರಲಿಲ್ಲ, ಕೂಸನ್ನು ಗೋದಲಿಯಲ್ಲಿ ಮಲಗಿಸಿದರು, ಅಷ್ಟೇ. ಎತ್ತಿಗೆ ತನ್ನ ಒಡೆಯ ಗೊತ್ತು, ಕತ್ತೆಗೆ ತನ್ನ ಧಣಿಯ ಗೋದಲಿ ಗೊತ್ತು ಎಂಬರ್ಥದ ಮಾತು ಬರುವುದು ಅದಕ್ಕೂ ಶತಮಾನಗಳ ಹಿಂದಿನ ಯೆಶಾಯನ ಪ್ರವಾದನೆಯ ಮೊದಲ ಅಧ್ಯಾಯದಲ್ಲಿ, ಬೇರೆಯದೇ ಸಂದರ್ಭದಲ್ಲಿ. ಎರಡೂ ಕಡೆ ‘ಗೋದಲಿ’ ಎಂಬ ಒಂದು ಪದ ಕಂಡಿತು ನೋಡಿ, ಆ ಎಳೆ ಹಿಡಿದು ಓದುಗರು ಎರಡು ಪ್ರಾಣಿಗಳನ್ನು ಬೆತ್ಲೆಹೇಮಿನವರೆಗೆ ನಡೆಸಿಕೊಂಡು ಬಂದರು. ಅರಸರದ್ದೂ ಇದೇ ಕಥೆ. ಮತ್ತಾಯನ ಸುವಾರ್ತೆಯಲ್ಲಿ ಪೂರ್ವದಿಂದ ಬಂದವರು ಅರಸರಲ್ಲ, ಮೂವರೆಂಬ ಲೆಕ್ಕವೂ ಅಲ್ಲಿಲ್ಲ. ಕಿರೀಟವೂ ಒಂಟೆಗಳೂ 72ನೆಯ ಕೀರ್ತನೆಯಿಂದ, ಯೆಶಾಯನ 60ನೆಯ ಅಧ್ಯಾಯದಿಂದ ಬಂದು ಸೇರಿಕೊಂಡವು. ಈ ವಿಷಯದಲ್ಲಿ ನಮ್ಮ ಹಳೆಯ ಕನ್ನಡ ಬೈಬಲ್ಲೇ ಮೂಲಕ್ಕೆ ಹತ್ತಿರ: ಅದು ಅವರನ್ನು ‘ಜೋಯಿಸರು’ ಎಂದು ಕರೆದು ಸುಮ್ಮನಾಗುತ್ತದೆ. 25ನೆಯ ತಾರೀಖು ಕೂಡ ಸುವಾರ್ತೆಗಳಲ್ಲಿಲ್ಲ. ಅದು ಖಚಿತವಾಗಿ ಕಾಣಿಸುವುದು ನಾಲ್ಕನೆಯ ಶತಮಾನದ ರೋಮಿನ ಪಂಚಾಂಗದಲ್ಲಿ. ಹಿಮವಂತೂ ತೀರ ಈಚಿನದು.

ಹೀಗಾಗಿ ಕ್ರಿಸ್ಮಸ್ಸಿನ ಚಿತ್ರಕ್ಕೆ ಕವಿಗಳು ಅಲಂಕಾರ ಸೇರಿಸಿದರು ಎನ್ನುವುದು ಅರ್ಧ ಸತ್ಯ. ಎರಡು ಪದಗಳ ನಡುವೆ ನಂಟು ಕಾಣುವ ಕವಿಬುದ್ಧಿಯೇ ಆ ಚಿತ್ರವನ್ನು ಕಟ್ಟಿದ್ದು. 1223ರಲ್ಲಿ ಇಟಲಿಯ ಗ್ರೆಚ್ಚೊ ಎಂಬ ಹಳ್ಳಿಯಲ್ಲಿ ಅಸಿಸಿಯ ಫ್ರಾನ್ಸಿಸ್ ನಿಜವಾದ ಹುಲ್ಲು ಹಾಸಿ, ನಿಜವಾದ ಎತ್ತು ಕತ್ತೆಗಳನ್ನು ತರಿಸಿ ಪೂಜೆ ನಡೆಸಿದಾಗ ಆ ರೂಪಕಕ್ಕೆ ಮೈ ಬಂತು. ಇವತ್ತು ಮನೆಮನೆಯಲ್ಲಿ ಗೋದಲಿ ಕಟ್ಟುವವರು ಮುಂದುವರಿಸುತ್ತಿರುವುದು ಅದನ್ನೇ.

ಲೂಕ ಪ್ರಾಣಿಗಳನ್ನು ಕೊಡಲಿಲ್ಲ, ಹಾಡುಗಳನ್ನು ಕೊಟ್ಟ. ಅವನ ಮೊದಲ ಎರಡು ಅಧ್ಯಾಯಗಳನ್ನು ಓದಿದರೆ ಸಂಗೀತ ನಾಟಕದ ನೆನಪಾಗುತ್ತದೆ. ಕಥೆ ನಾಲ್ಕು ಹೆಜ್ಜೆ ನಡೆಯುತ್ತದೆ, ಯಾರೋ ಹಾಡಲು ನಿಲ್ಲುತ್ತಾರೆ. ಮರಿಯಳ ಹಾಡು, ಜಕರೀಯನ ಹಾಡು, ದೇವದೂತರ ಹಾಡು, ಮುದುಕ ಸಿಮೆಯೋನನ ಹಾಡು. ಮರಿಯಳ ಹಾಡಿನ ಹಿಂದೆ ಸಮುವೇಲನ ತಾಯಿ ಹನ್ನಳ ಹಳೆಯ ಹಾಡಿದೆ. ಬಲಿಷ್ಠರ ಬಲ ಮುರಿಯುವುದು, ಹಸಿದವರ ಹೊಟ್ಟೆ ತುಂಬುವುದು ಎರಡರಲ್ಲೂ ಇದೆ. ಬಸುರಿ ಹುಡುಗಿಯೊಬ್ಬಳು ನೆಂಟಳ ಮನೆಯಲ್ಲಿ ನಿಂತು ಹಾಡುವ ಹಾಡು ಇಷ್ಟು ಖಾರವಾಗಿರಬಹುದೆಂದು ಕ್ರಿಸ್ಮಸ್ ಕಾರ್ಡುಗಳಿಂದ ಊಹಿಸಲಾಗದು. ನನಗೆ ಹೆಚ್ಚು ಹಿಡಿಸುವುದು ಜಕರೀಯನ ಪ್ರಸಂಗ. ಮುಪ್ಪಿನಲ್ಲಿ ಮಗು ಹುಟ್ಟುತ್ತದೆ ಎಂದ ದೂತನ ಮಾತನ್ನು ಈ ಯಾಜಕ ನಂಬಲಿಲ್ಲ, ಮೂಕನಾದ. ಮಗು ಹುಟ್ಟಿ ಎಂಟನೆಯ ದಿನ ಹೆಸರಿಡುವವರೆಗೂ ಬಾಯಿ ಬಿಡಲಾಗಲಿಲ್ಲ. ಬಿಟ್ಟಾಗ ಬಂದದ್ದು ಪದ್ಯ. ದೇವಾಲಯದ ಸೇವೆಯೇ ಕಸುಬಾಗಿದ್ದವನು ಅನುಮಾನಪಟ್ಟು, ತಿಂಗಳುಗಟ್ಟಲೆ ಮಾತಿಲ್ಲದೆ ಕೂತು, ಕೊನೆಗೆ ಕವಿಯಾದ. ಆಗಮನ ಕಾಲದ ಒಳ್ಳೆಯ ಕವಿತೆಗಳನ್ನು ಬರೆದ ಬಹುತೇಕರಲ್ಲಿ ನನಗೆ ಅವನ ಮುಖದ ಹೋಲಿಕೆ ಕಾಣುತ್ತದೆ.

ಆಗಮನ ಕಾಲ ಎಂದರೆ ಕ್ರಿಸ್ಮಸ್ಸಿಗೆ ಮುಂಚಿನ ನಾಲ್ಕು ಭಾನುವಾರಗಳ ಅವಧಿ. ಪಶ್ಚಿಮದ ಚರ್ಚುಗಳ ವರ್ಷ ಆರಂಭವಾಗುವುದೂ ಅಲ್ಲಿಂದಲೇ. ಹೊಸವರ್ಷ ಎಂದರೆ ಸಂಭ್ರಮ ಎಂದುಕೊಂಡರೆ ತಪ್ಪು. ಪಾದ್ರಿಗಳು ನೇರಳೆ ಬಣ್ಣದ ನಿಲುವಂಗಿ ತೊಡುತ್ತಾರೆ, ಅದು ತಪಸ್ಸಿನ ಬಣ್ಣ. ರೋಮನ್ ಪದ್ಧತಿಯ ಭಾನುವಾರದ ಪೂಜೆಯಲ್ಲಿ ದೇವದೂತರ ಸ್ತುತಿಯಿಂದ ಶುರುವಾಗುವ ಗ್ಲೋರಿಯಾವನ್ನು ಈ ನಾಲ್ಕು ವಾರ ಹಾಡುವಂತಿಲ್ಲ. ಹುಟ್ಟಿದ ರಾತ್ರಿಗೆಂದು ಎತ್ತಿಡುತ್ತಾರೆ. ಧ್ಯಾನಿಸಬೇಕಾದ್ದು ಎರಡು ಆಗಮನಗಳನ್ನು: ಆಗಿಹೋದ ಒಂದು, ಕೊನೆಯ ದಿನ ಆಗಬೇಕಾದ ಇನ್ನೊಂದು. ಮಧ್ಯಯುಗದ ಪ್ರಸಂಗಗಳಲ್ಲಿ ಮರಣ, ತೀರ್ಪು, ಸ್ವರ್ಗ, ನರಕ ಎಂಬ ನಾಲ್ಕು ವಿಷಯಗಳು ಈ ಕಾಲಕ್ಕೆ ಮೀಸಲು. ಪ್ಲಮ್ ಕೇಕಿನ ಅಂಗಡಿಗಳಿಗೆ ಇದು ತಿಳಿಯದಿರುವುದೇ ಒಳ್ಳೆಯದು. ಐಸಾಕ್ ವಾಟ್ಸ್ 1719ರಲ್ಲಿ 98ನೆಯ ಕೀರ್ತನೆಯನ್ನು ಆಧರಿಸಿ ಬರೆದ ‘ಜಾಯ್ ಟು ದಿ ವರ್ಲ್ಡ್’ ಇಂದು ಮಾಲುಗಳಲ್ಲಿ ಕೇಳುವ ಕ್ರಿಸ್ಮಸ್ ಹಾಡು. ಅದರಲ್ಲಿ ಮರಿಯಳಿಲ್ಲ, ಗೋದಲಿಯಿಲ್ಲ. ಬರುವ ಅರಸನ ಆಳ್ವಿಕೆಯನ್ನು ಹಾಡಿದ ಅದನ್ನು ಜನರು ಹಬ್ಬದ ಮನೆಗೆ ಕರೆದು ಕೂರಿಸಿಕೊಂಡಿದ್ದಾರೆ.

ಈ ಕಾಯುವಿಕೆಗೆ ಲ್ಯಾಟಿನ್ ಚರ್ಚು ಕೊಟ್ಟ ಅತ್ಯಂತ ಸೊಗಸಾದ ರೂಪ ‘ಓ’ ಆಂಟಿಫನ್‌ಗಳು. ಡಿಸೆಂಬರ್ 17ರಿಂದ 23ರವರೆಗೆ ಏಳು ಸಂಜೆ, ಮರಿಯಳ ಹಾಡಿನ ಹಿಂದೆ ಮುಂದೆ ಹಾಡುವ ಏಳು ಚಿಕ್ಕ ಪಲ್ಲವಿಗಳು. ಪ್ರತಿಯೊಂದೂ ‘ಓ’ ಎಂಬ ಕೂಗಿನಿಂದ ತೊಡಗಿ ಒಂದು ಹೆಸರು ಹಿಡಿಯುತ್ತದೆ: ಜ್ಞಾನ, ಒಡೆಯ, ಇಷಯನ ಬೇರು, ದಾವೀದನ ಬೀಗದ ಕೈ, ಉದಯದ ಬೆಳಕು, ಜನಾಂಗಗಳ ಅರಸ, ಇಮ್ಮಾನುವೇಲ. ಹೆಸರು ಹಿಡಿದು ಕರೆದ ಮೇಲೆ ಬೇಡಿಕೆ ಒಂದೇ, ಬಾ. ನಮ್ಮ ವಚನಗಳಲ್ಲಿ ಅಂಕಿತ ಕೊನೆಗೆ ಬರುತ್ತದೆ, ಹೇಳುವುದನ್ನೆಲ್ಲ ಹೇಳಿ ಮುಗಿಸಿ ದೇವರ ಹೆಸರಿಗೆ ಒರಗುವ ಹಾಗೆ. ಇಲ್ಲಿ ಹೆಸರು ಮೊದಲು, ಬಾಗಿಲು ಬಡಿಯುವ ಹಾಗೆ. ಉದಯದ ಬೆಳಕನ್ನು ಕರೆಯುವ ಪಲ್ಲವಿ ಬೀಳುವುದು 21ರಂದು. ಉತ್ತರದ ದೇಶಗಳಲ್ಲಿ ಅದು ವರ್ಷದ ಅತಿ ದೀರ್ಘ ರಾತ್ರಿಯ ಆಸುಪಾಸು. ಇನ್ನೊಂದು ಚಮತ್ಕಾರವಿದೆ. ಏಳು ಹೆಸರುಗಳ ಲ್ಯಾಟಿನ್ ಮೊದಲಕ್ಷರಗಳನ್ನು ಕೊನೆಯಿಂದ ಹಿಂದಕ್ಕೆ ಕೂಡಿಸಿದರೆ ‘ಎರೊ ಕ್ರಾಸ್’ ಎಂಬ ಎರಡು ಪದ ಮೂಡುತ್ತವೆ. ನಾಳೆ ಇರುತ್ತೇನೆ, ಎಂದು ಅರ್ಥ. ಕರೆದವರಿಗೆ ಬಂದ ಉತ್ತರ ಅವರ ಕರೆಯ ಒಳಗೇ, ತಲೆಕೆಳಗಾಗಿ ಅಡಗಿದೆ. ಕಟ್ಟಿದವರು ಬೇಕೆಂದೇ ಹೀಗೆ ಜೋಡಿಸಿದರೋ, ತಾನಾಗಿ ಕೂಡಿ ಬಂತೋ. ಚಿತ್ರಕವಿತ್ವದ ರುಚಿ ಬಲ್ಲ ಕನ್ನಡಿಗರಿಗೆ ಇದು ಹಿಡಿಸದೆ ಇರದು.

ಈ ಪಲ್ಲವಿಗಳ ಬೀಜ ಬಿದ್ದಲ್ಲೆಲ್ಲ ಕವಿತೆ ಎದ್ದಿದೆ. ಹತ್ತನೆಯ ಶತಮಾನದಲ್ಲಿ ಬರೆದ ಎಕ್ಸೆಟರ್ ಹಸ್ತಪ್ರತಿಯ ಆರಂಭದಲ್ಲಿರುವ ಹಳೆಯ ಇಂಗ್ಲಿಷಿನ ಆಗಮನ ಗೀತೆಗಳು ಇವುಗಳ ವಿಸ್ತಾರ. 1851ರಲ್ಲಿ ಜಾನ್ ಮೇಸನ್ ನೀಲ್ ಲ್ಯಾಟಿನ್ನಿನಿಂದ ಇಂಗ್ಲಿಷಿಗೆ ತಂದ ಇಮ್ಮಾನುವೇಲನ ಹಾಡಿನ ಬೇರೂ ಇಲ್ಲೇ ಇದೆ. ನಮ್ಮ ಕಾಲದಲ್ಲಿ ಕೇಂಬ್ರಿಜ್‌ನಲ್ಲಿ ಪಾದ್ರಿಯಾಗಿದ್ದ ಕವಿ ಮಾಲ್ಕಮ್ ಗೈಟ್ ಏಳಕ್ಕೂ ಏಳು ಸಾನೆಟ್ ಬರೆದಿದ್ದಾನೆ. ಸಾವಿರ ವರ್ಷವಾದರೂ ಆ ಏಳು ಕರೆಗಳು ಸವೆದಿಲ್ಲ.

ಶ್ರದ್ಧೆ ಮತ್ತು ಕವಿತೆಯ ಈ ಗೆಳೆತನ ಶುರುವಾದದ್ದು ಮಾತ್ರ ಜಗಳದಲ್ಲಿ. ನಾಲ್ಕನೆಯ ಶತಮಾನದ ಸಿರಿಯಾಕ್ ಕವಿ ಎಫ್ರೇಮ್ ನಿಸಿಬಿಸ್ ಊರಿನವನು. 363ರಲ್ಲಿ ಆ ಊರು ಪರ್ಷಿಯನ್ನರ ಪಾಲಾದಾಗ ಎಡೆಸ್ಸಾಕ್ಕೆ ವಲಸೆ ಬಂದ. ಅಲ್ಲಿ ಬಾರ್ದೈಸಾನ್ ಎಂಬ ಹಳಬನ ಹಾಡುಗಳು ಜನರ ಬಾಯಲ್ಲಿದ್ದವು. ಎಫ್ರೇಮನ ಪಾಲಿಗೆ ಅವು ವಿಷ ಬೆರೆಸಿದ ಸಿಹಿ. ಹಾಡನ್ನು ಹಾಡಿನಿಂದಲೇ ಹೊಡೆಯಬೇಕೆಂದು ಅವನು ಹೊರಟ. ಪದ್ಯವನ್ನು ಒಬ್ಬರು ಹಾಡುವುದು, ಪಲ್ಲವಿಯನ್ನು ಉಳಿದವರು ಎತ್ತಿಕೊಳ್ಳುವುದು, ಹೀಗಿತ್ತು ‘ಮದ್ರಾಶಾ’ ಎಂಬ ರೂಪ. ಅದಕ್ಕಾಗಿ ಅವನು ಹೆಂಗಸರ ಮೇಳಗಳನ್ನು ಕಟ್ಟಿದ ಎಂದು ಮುಂದಿನ ಕವಿ ಸೆರೂಗಿನ ಜೇಕಬ್ ಹೊಗಳಿದ್ದಾನೆ. ವಾದಕ್ಕೆಂದು ಹುಟ್ಟಿದ ಆ ಜನನಗೀತೆಗಳಲ್ಲಿ ಈಗ ಉಳಿದಿರುವುದು ಬೆರಗು. ಜಗತ್ತಿಗೆ ಉಣಿಸುವವನು ಮೊಲೆಹಾಲಿಗೆ ಅಳುತ್ತಾನೆ. ಯಾವ ಹೆಸರಿನಿಂದ ಕರೆಯಲಿ ಎಂದು ತಾಯಿ ತಡವರಿಸುತ್ತಾಳೆ. ವಿರುದ್ಧಗಳನ್ನು ಹೀಗೆ ಎದುರುಬದುರು ಕೂರಿಸುವ ಕಲೆ ಮುಂದಿನ ಎಲ್ಲ ಕ್ರಿಸ್ಮಸ್ ಕಾವ್ಯದ ಬಂಡವಾಳವಾಯಿತು. ಕೇರಳದಿಂದ ಬೆಳ್ತಂಗಡಿ, ಮಲೆನಾಡುಗಳ ಕಡೆಗೆ ಬಂದು ನೆಲೆಸಿದ ಸಿರಿಯನ್ ಕ್ರೈಸ್ತರ ಆರಾಧನೆಗೆ ಮೂಲ ಇದೇ ಸಿರಿಯಾಕ್ ಪರಂಪರೆ. ಆ ಮಟ್ಟಿಗೆ ಎಫ್ರೇಮ್ ನಮಗೆ ನೆರೆಯವನೇ.

ಮಿಲಾನಿನ ಅಂಬ್ರೋಸ್ ಕೂಡ 386ರಲ್ಲಿ ಅರಮನೆಯೊಡನೆ ಚರ್ಚಿನ ಒಡೆತನಕ್ಕಾಗಿ ಹೋರಾಡುವಾಗಲೇ ಸಭೆಗೆ ಹಾಡು ಕಲಿಸಿದ್ದು, ಅಗಸ್ಟೀನ್ ಅದಕ್ಕೆ ಸಾಕ್ಷಿ ಹೇಳಿದ್ದಾನೆ. ಆರನೆಯ ಶತಮಾನದ ಕಾನ್‌ಸ್ಟಾಂಟಿನೋಪಲಿನ ರೊಮಾನೋಸ್ ಬಗ್ಗೆ ಮಾತ್ರ ಜಗಳವಿಲ್ಲದ ಒಂದು ಐತಿಹ್ಯವಿದೆ. ಹಾಡಲು ಬಾರದ ಅವನಿಗೆ ಕ್ರಿಸ್ಮಸ್ ಹಿಂದಿನ ರಾತ್ರಿ ಮರಿಯಮ್ಮ ಕನಸಿನಲ್ಲಿ ಬಂದು ಒಂದು ಸುರುಳಿಯನ್ನು ತಿನ್ನಿಸಿದಳಂತೆ. ಎದ್ದವನೇ ಚರ್ಚಿಗೆ ಹೋಗಿ ಜನನದ ಹಾಡು ಹಾಡಿದನಂತೆ. ಕಾಳಿದಾಸನ ನಾಲಿಗೆಯ ಮೇಲೆ ಕಾಳಿ ಬರೆದ ಕಥೆ ಕೇಳಿ ಬೆಳೆದವರಿಗೆ ಇದನ್ನು ನಂಬುವುದು ಸುಲಭ.

ಮಧ್ಯಯುಗಕ್ಕೆ ಬಂದರೆ ಹಾಡು ಪೀಠದಿಂದ ಇಳಿದು ಬೀದಿಗೆ ಬರುತ್ತದೆ, ಜೋಗುಳವಾಗುತ್ತದೆ. ಕೃಷ್ಣನನ್ನು ತೂಗಿದ ದಾಸರ ಜೋಗುಳಗಳಲ್ಲಿ ಪೂತನಿಯ ನೆರಳು ಹಾಯುವುದುಂಟು, ಆದರೆ ಗೆಲ್ಲುವವನು ಕೂಸೇ ಎಂಬ ಧೈರ್ಯ ಹಾಡುವವರಿಗಿರುತ್ತದೆ. ಕವೆಂಟ್ರಿಯ ದರ್ಜಿಗಳು ಮತ್ತು ಉಣ್ಣೆ ಕತ್ತರಿಸುವವರು ಕೂಡಿ ಆಡುತ್ತಿದ್ದ ನಾಟಕದ ಜೋಗುಳದಲ್ಲಿ ಆ ಧೈರ್ಯವಿಲ್ಲ. ಅಲ್ಲಿ ತೂಗುತ್ತಿರುವವರು ಬೆತ್ಲೆಹೇಮಿನ ಬೇರೆ ತಾಯಂದಿರು, ಅರಸ ಹೆರೋದನ ಆಳುಗಳು ಕೊಲ್ಲಲಿರುವ ಮಕ್ಕಳನ್ನು. ಕಂಸನ ಸೆರೆಮನೆಯ ಕಥೆ ಗೊತ್ತಿರುವ ನಮಗೂ ಇಂಥ ಹಾಡು ಕಷ್ಟ. 1940ರ ನವೆಂಬರಿನಲ್ಲಿ ಬಾಂಬು ಬಿದ್ದು ಕವೆಂಟ್ರಿಯ ಮಹಾದೇವಾಲಯ ಸುಟ್ಟಿತು. ಆ ಕ್ರಿಸ್ಮಸ್ಸಿಗೆ ಬಿಬಿಸಿ ಅದರ ಅವಶೇಷಗಳ ನಡುವಿನಿಂದ ಪ್ರಸಾರ ಮಾಡಿದ ಕಾರ್ಯಕ್ರಮ ಮುಗಿದದ್ದು ಇದೇ ಜೋಗುಳದಿಂದ.

ಇಂಗ್ಲೆಂಡಿನ ಹದಿನಾರು-ಹದಿನೇಳನೆಯ ಶತಮಾನಗಳನ್ನು ಬೇಗ ದಾಟುತ್ತೇನೆ, ಎರಡು ಕಡೆ ನಿಂತು. ಜೆಸುಯಿಟ್ ಪಾದ್ರಿ ರಾಬರ್ಟ್ ಸೌತ್‌ವೆಲ್ ಕದ್ದುಮುಚ್ಚಿ ಪೂಜೆ ಮಾಡಿಸುತ್ತಿದ್ದವನು, 1592ರಲ್ಲಿ ಸಿಕ್ಕಿಬಿದ್ದ, 1595ರಲ್ಲಿ ಗಲ್ಲಿಗೇರಿದ. ಅವನ ‘ದಿ ಬರ್ನಿಂಗ್ ಬೇಬ್’ ಕವಿತೆಯಲ್ಲಿ ಚಳಿಗೆ ನಡುಗುತ್ತ ನಿಂತವನಿಗೆ ಗಾಳಿಯಲ್ಲಿ ಉರಿಯುವ ಮಗು ಕಾಣುತ್ತದೆ. ಇವತ್ತು ಕ್ರಿಸ್ಮಸ್ ಎಂದು ನೆನಪಾಗುವುದು ಕೊನೆಗೆ. ಅದನ್ನು ತಾನು ಬರೆದಿದ್ದರೆ ತನ್ನ ಎಷ್ಟೋ ಕವಿತೆಗಳನ್ನು ನಾಶಮಾಡಲು ಒಪ್ಪುತ್ತಿದ್ದೆ ಎಂದನಂತೆ ಬೆನ್ ಜಾನ್ಸನ್. ಮಿಲ್ಟನ್ 1629ರಲ್ಲಿ, 21ನೆಯ ವಯಸ್ಸಿಗೆ, ಬರೆದ ಜನನಗೀತೆ ಇದಕ್ಕೆ ಪೂರ್ತಿ ವಿರುದ್ಧ. ಗ್ರೀಸಿನ, ಈಜಿಪ್ಟಿನ ದೇವರುಗಳೆಲ್ಲ ಓಡಿಹೋಗುವ ಭಾರಿ ಮೆರವಣಿಗೆ ಅದರಲ್ಲಿದೆ, ಕೂಸು ಎಲ್ಲೋ ಮೂಲೆಯಲ್ಲಿ. ಮೆಚ್ಚಬೇಕಾದ ಕವಿತೆ, ಜೊತೆಗಿಟ್ಟುಕೊಳ್ಳಬೇಕು ಅನ್ನಿಸುವುದಿಲ್ಲ. 1647ರಲ್ಲಿ ಪ್ಯೂರಿಟನ್ ಸಂಸತ್ತು ಕ್ರಿಸ್ಮಸ್ ಹಬ್ಬವನ್ನೇ ರದ್ದುಮಾಡಿತು. ಶ್ರದ್ಧೆಗೆ ಹಾಡು ಹೊರೆಯೆನಿಸಿದ ಕಾಲವೂ ಇತ್ತು ಎಂಬುದಕ್ಕೆ ಅದು ಗುರುತು.

ಜರ್ಮನಿಯಲ್ಲಿ ಹಾಗಾಗಲಿಲ್ಲ. ಲೂಥರ್ ಮನೆಮಕ್ಕಳಿಗೆಂದು ಕ್ರಿಸ್ಮಸ್ ಹಾಡು ಕಟ್ಟಿದವನು, ಅವನ ಹಿಂದೆ ಹಾಡಿನ ದೊಡ್ಡ ಕಣಜವೇ ಬೆಳೆಯಿತು. ಆ ಕಣಜದ ಕಾಳು ನಮ್ಮ ಕರಾವಳಿಗೂ ಬಂತು. 1834ರಲ್ಲಿ ಮಂಗಳೂರಿಗೆ ಬಂದಿಳಿದ ಬಾಸೆಲ್ ಮಿಷನ್ನಿನವರು ತಮ್ಮ ಕೋರಲ್‌ಗಳನ್ನು ಕನ್ನಡ ಮಾಡಿ ಅದೇ ರಾಗದಲ್ಲಿ ಹಾಡಿಸಿದರು. ಕನ್ನಡದ ಕಿವಿಗೆ ಇದರಲ್ಲಿ ಒಂದು ಇರಿಸುಮುರಿಸು ಇದ್ದೇ ಇದೆ. ಜರ್ಮನ್ ಪದ್ಯ ನಡೆಯುವುದು ಅಕ್ಷರಕ್ಕೆ ಬೀಳುವ ಒತ್ತಿನ ಮೇಲೆ, ನಮ್ಮದು ಮಾತ್ರೆಯ ಮೇಲೆ. ಆ ರಾಗಕ್ಕೆ ಈ ಮಾತು ಕೂರಿಸಿದಾಗ ಲಘು ಗುರುವಾಗಿ ಎಳೆಯುತ್ತದೆ, ಗುರು ಕತ್ತು ಹಿಸುಕಿಸಿಕೊಂಡು ಲಘುವಾಗುತ್ತದೆ. ಚಿಕ್ಕಂದಿನಲ್ಲಿ ಗಿಟಾರು ಹಿಡಿದ ಕ್ಯಾರಲ್ ತಂಡ ನಮ್ಮ ಬೀದಿಗೆ ಬಂದಾಗ ಪರಿಚಿತ ಪದಗಳು ಅಪರಿಚಿತ ಜಾಗದಲ್ಲಿ ಮುರಿಯುವುದನ್ನು ಕೇಳಿ ನಾವು ನಗುತ್ತಿದ್ದೆವು. ಈಗ ಆ ಮುರಿತವೇ ಕಿವಿಯಲ್ಲಿ ಕ್ರಿಸ್ಮಸ್ ಆಗಿ ಉಳಿದಿದೆ.

ಈ ತೊಡಕನ್ನು ಎಲ್ಲರಿಗಿಂತ ಚೆನ್ನಾಗಿ ಅರಿತವರು ಫರ್ಡಿನಂಡ್ ಕಿಟ್ಟೆಲ್ ಇರಬೇಕು. 1894ರ ನಿಘಂಟಿನಿಂದ ಅವರನ್ನು ಬಲ್ಲವರಿಗೆ, 1862ರಲ್ಲಿ ಅವರು ‘ಕಥಾಮಾಲೆ’ ಎಂಬ ಹೆಸರಿನಲ್ಲಿ ಯೇಸುವಿನ ಜೀವನವನ್ನು ದೇಸೀ ಪದ್ಯರೀತಿಯಲ್ಲಿ ಬರೆದದ್ದು ಮರೆತೇಹೋಗಿರುತ್ತದೆ. 1875ರಲ್ಲಿ ನಾಗವರ್ಮನ ‘ಛಂದೋಂಬುಧಿ’ಯನ್ನು ಸಂಪಾದಿಸಿದವರೂ ಅವರೇ. ಬೇರೆ ಮಿಷನರಿಗಳು ಹಾಡು ತಂದರು, ಇವರು ಹಾಡಿಗೆ ಇಲ್ಲಿಯ ಅಳತೆಗೋಲನ್ನೇ ಹುಡುಕಿ ಹೊರಟರು. ಇವರಿಗೂ ಎರಡೂವರೆ ಶತಮಾನ ಮೊದಲು ಗೋವೆಯಲ್ಲಿ ಇದೇ ದಾರಿ ಹಿಡಿದವನು ಥಾಮಸ್ ಸ್ಟೀಫನ್ಸ್, 1579ರಲ್ಲಿ ಬಂದ ಇಂಗ್ಲಿಷ್ ಜೆಸುಯಿಟ್. ಮತಾಂತರವಾದವರು ತಾವು ಬಿಟ್ಟುಬಂದ ಪುರಾಣಗಳಿಗೆ ಬದಲಾಗಿ ಓದಲು ಏನಾದರೂ ಕೊಡಿ ಎಂದು ಕೇಳಿದ್ದಕ್ಕೆ ಅವನು ಮರಾಠಿಯ ಓವಿಯಲ್ಲಿ ‘ಕ್ರಿಸ್ತಪುರಾಣ’ ಬರೆದ. 1616ರಲ್ಲಿ ಅಚ್ಚಾಯಿತು, ಸುಮಾರು 11,000 ಓವಿಗಳು. ಎರಡು ಭಾಗಗಳಲ್ಲಿ ಮೊದಲನೆಯದು ಪೂರಾ ಹಳೆಯ ಒಡಂಬಡಿಕೆ. ರಕ್ಷಕ ಹುಟ್ಟುವುದಕ್ಕೆ ಮೊದಲು ಓದುಗ ಸಾವಿರಾರು ಓವಿ ಕಾಯಬೇಕು. ಆಗಮನ ಕಾಲದ ಶಿಲ್ಪವೇ ಗ್ರಂಥದ ಶಿಲ್ಪ. ಮೊದಲ ಮುದ್ರಣದ ಒಂದು ಪ್ರತಿಯೂ ಸಿಕ್ಕಿಲ್ಲ. ಕೈಬರಹದ ಪ್ರತಿಗಳಿಂದ 1907ರಲ್ಲಿ ಅದಕ್ಕೆ ಮರುಜನ್ಮ ಕೊಟ್ಟವರು ಜೆ. ಎಲ್. ಸಲ್ಡಾನ್ಹಾ, ಅಚ್ಚಾದ ಊರು ಮಂಗಳೂರು.

ಹತ್ತೊಂಬತ್ತನೆಯ ಶತಮಾನ ಕ್ರಿಸ್ಮಸ್ ಪದ್ಯಗಳ ಕಾರ್ಖಾನೆ. ಬಹುಪಾಲು ಸಕ್ಕರೆ ಪಾಕ. ಉತ್ತರ ಮೊದಲೇ ಗೊತ್ತಿರುವ ಪದ್ಯ ಹಾಗಲ್ಲದೆ ಇನ್ನೇನಾದೀತು? ಕೂಸು ಹುಟ್ಟಿತು, ನಕ್ಷತ್ರ ಹೊಳೆಯಿತು, ಎಲ್ಲರೂ ಸುಖಿ. ಉಳಿದುಕೊಂಡವುಗಳ ಮೂಲ ತಡವಿದರೆ ಸಾಮಾನ್ಯವಾಗಿ ಒಂದು ಕೊರತೆ ಸಿಗುತ್ತದೆ. ಜೋಸೆಫ್ ಮೋರ್ ಎಂಬ ಪಾದ್ರಿ 1816ರಲ್ಲಿ ‘ಸೈಲೆಂಟ್ ನೈಟ್’ ಬರೆದಾಗ ಆಸ್ಟ್ರಿಯದ ಆ ಸೀಮೆ ನೆಪೋಲಿಯನ್ ಯುದ್ಧಗಳಿಂದ ಆಗತಾನೆ ಹೊರಬಂದಿತ್ತು. ಎರಡು ವರ್ಷದ ನಂತರ ಓಬರ್ನ್‌ಡಾರ್ಫ್‌ನಲ್ಲಿ ಅದನ್ನು ಮೊದಲು ಹಾಡಿದ್ದು ಬರೀ ಗಿಟಾರಿನೊಂದಿಗೆ. ಲಾಂಗ್‌ಫೆಲೊ 1863ರ ಕ್ರಿಸ್ಮಸ್ಸಿನಲ್ಲಿ ಗಂಟೆಗಳ ಪದ್ಯ ಬರೆದ. ಎರಡು ವರ್ಷದ ಹಿಂದೆ ಹೆಂಡತಿ ಬೆಂಕಿಗೆ ಸಿಕ್ಕಿ ಸತ್ತಿದ್ದಳು, ಮಗ ಹಿಂದಿನ ತಿಂಗಳಷ್ಟೇ ಅಂತರ್ಯುದ್ಧದಲ್ಲಿ ಗಾಯಗೊಂಡಿದ್ದ. ಆ ಪದ್ಯದಲ್ಲಿ ತೋಪುಗಳ ಸದ್ದು ಗಂಟೆಯ ಸದ್ದನ್ನು ನುಂಗುತ್ತದೆ. ಇಂದಿನ ಹಾಡಿನ ಪುಸ್ತಕಗಳು ತೋಪಿನ ಸಾಲುಗಳನ್ನು ಬಿಟ್ಟು ಉಳಿದದ್ದನ್ನು ಅಚ್ಚುಹಾಕುತ್ತವೆ. ಕಹಿ ತೆಗೆದ ಹಾಗಲಕಾಯಿ.

ಇವರೆಲ್ಲರ ನಡುವೆ ಕ್ರಿಸ್ಟೀನಾ ರೊಸೆಟ್ಟಿ ಬೇರೆಯೇ ಜಾತಿ. ಆಗಮನ ಕಾಲದ ಮೇಲೆ ವರ್ಷವರ್ಷವೂ ಮರಳಿ ಬರೆದವಳು, ಕಾಯುವುದನ್ನು ಕಸುಬಿನಂತೆ ಮಾಡಿದವಳು. 1872ರ ಜನವರಿಯಲ್ಲಿ ಅಮೆರಿಕದ ಪತ್ರಿಕೆಯೊಂದರಲ್ಲಿ ಬಂದ ‘ಎ ಕ್ರಿಸ್ಮಸ್ ಕ್ಯಾರಲ್’ ಎಂಬ ಅವಳ ಪದ್ಯಕ್ಕೆ 1906ರಲ್ಲಿ ಗುಸ್ತಾವ್ ಹೋಲ್ಸ್ಟ್ ರಾಗ ಹಾಕಿದ. ಈಗ ಅದು ‘ಇನ್ ದ ಬ್ಲೀಕ್ ಮಿಡ್‌ವಿಂಟರ್’. ಬೆತ್ಲೆಹೇಮಿನಲ್ಲಿ ಅಷ್ಟು ಹಿಮ ಎಲ್ಲಿಂದ ಬಂತು ಎಂದು ಪಂಡಿತರು ಗೊಣಗುತ್ತಾರೆ. ಹಿಮ ಬೆತ್ಲೆಹೇಮಿನದಲ್ಲ, ಅವಳದು. ನೆಲ ಕಬ್ಬಿಣವಾಗಿ ನೀರು ಕಲ್ಲಾಗಿರುವ ಆ ಜಗತ್ತಿನಲ್ಲಿ, ಕೊಡಲು ಏನೂ ಇಲ್ಲದವಳೊಬ್ಬಳು ಏನು ಕೊಡಲಿ ಎಂದು ಕೇಳಿಕೊಳ್ಳುತ್ತಾಳೆ. ಎಫ್ರೇಮನ ವಿರುದ್ಧಾಲಂಕಾರಗಳು ಇಲ್ಲಿ ಪಾಂಡಿತ್ಯ ಕಳಚಿ, ಮೊಲೆಹಾಲು ಮತ್ತು ಒಂದು ಹಿಡಿ ಹುಲ್ಲಾಗಿ ನಿಂತಿವೆ.

ಇಪ್ಪತ್ತನೆಯ ಶತಮಾನ ಬಂದ ಮೇಲೆ ಆಗಮನ ಕಾಲ ಕ್ರಿಸ್ಮಸ್ಸಿನ ಮೇಲೆ ಸೇಡು ತೀರಿಸಿಕೊಂಡಿತು ಎನ್ನಬಹುದು. 1927ರ ಜೂನಿನಲ್ಲಿ ಟಿ. ಎಸ್. ಎಲಿಯಟ್ ಫಿನ್‌ಸ್ಟಾಕ್ ಎಂಬ ಹಳ್ಳಿಯಲ್ಲಿ ದೀಕ್ಷಾಸ್ನಾನ ಪಡೆದ. ಆಗಸ್ಟಿನಲ್ಲಿ ‘ಜರ್ನಿ ಆಫ್ ದಿ ಮೇಜೈ’ ಹೊರಬಂತು, ಅದೂ ಹಬ್ಬದ ಶುಭಾಶಯಕ್ಕೆ ಕಳಿಸಲು ಅನುಕೂಲವಾಗುವ ಏರಿಯಲ್ ಕಿರುಹೊತ್ತಗೆಗಳ ಸಾಲಿನಲ್ಲಿ. ಶುರುವಿನ ಮಾತುಗಳನ್ನು ಅವನು ಎತ್ತಿಕೊಂಡದ್ದು ಬಿಷಪ್ ಲ್ಯಾನ್ಸೆಲಾಟ್ ಆಂಡ್ರೂಸ್ 1622ರ ಕ್ರಿಸ್ಮಸ್ಸಿನಲ್ಲಿ ಅರಸ ಜೇಮ್ಸ್‌ನ ಮುಂದೆ ಮಾಡಿದ ಪ್ರಸಂಗದಿಂದ. ಜೋಯಿಸನೊಬ್ಬ ಮುಪ್ಪಿನಲ್ಲಿ ನೆನೆಯುತ್ತಾನೆ: ಚಳಿ, ಸಿಡುಕುವ ಒಂಟೆಗಳು, ಓಡಿಹೋಗುವ ಆಳುಗಳು, ದುಬಾರಿ ಕೊಳಕು ಊರುಗಳು. ಕೂಸನ್ನು ಕಂಡ ಕ್ಷಣದ ಬಗ್ಗೆ ಜಿಪುಣನ ಹಾಗೆ ಒಂದೆರಡು ಮಾತು. ಊರಿಗೆ ಮರಳಿದರೆ ತನ್ನವರೇ ಪರಕೀಯರು, ಹಳೆಯ ದೇವರುಗಳಿಗೆ ಜೋತುಬಿದ್ದವರು. ಆಗತಾನೆ ನಂಬಿಕೆಗೆ ಬಂದವನು ನಂಬಿಕೆಯಿಂದ ಆದ ನಷ್ಟದ ಪಟ್ಟಿ ಬರೆದ, ಅದು ಶುಭಾಶಯ ಪತ್ರವಾಗಿ ಮಾರಾಟವಾಯಿತು.

ಕವಿ ಆಡನ್‌ನ ‘ಫಾರ್ ದಿ ಟೈಮ್ ಬೀಯಿಂಗ್’ ಬಗ್ಗೆ ಬೇಕಾದಷ್ಟು ಹೇಳಬಹುದು. 1941ರ ಆಗಸ್ಟಿನಲ್ಲಿ ತಾಯಿ ತೀರಿಕೊಂಡಳು, ಅವಳ ನೆನಪಿಗೆ ಬರೆದ, ಅಚ್ಚಾದದ್ದು 1944ರಲ್ಲಿ. ಬ್ರಿಟನ್ ಎಂಬ ಸಂಗೀತಗಾರ ಸ್ವರ ಹಾಕಬೇಕಿತ್ತು, ಉದ್ದ ನೋಡಿ ಅದು ಕೈಗೂಡಲಿಲ್ಲ. ಇಲ್ಲಿಯ ಹೆರೋದ ರಾಕ್ಷಸನಲ್ಲ, ರಸ್ತೆ ಕಟ್ಟಿಸಿದ ಆಡಳಿತಗಾರ. ವಿವೇಕ ಉಳಿಯಬೇಕಾದರೆ ಮಕ್ಕಳನ್ನು ಕೊಲ್ಲಿಸದೆ ದಾರಿಯಿಲ್ಲವಲ್ಲ ಎಂದು ಮರುಗುವವನು. ಅಂಥ ಹೆರೋದರು ಎಲ್ಲ ಕಾಲದ ಸಚಿವಾಲಯಗಳಲ್ಲೂ ಇದ್ದಾರೆ. ಕೊನೆಯ ಭಾಗದಲ್ಲಿ ಹಬ್ಬ ಮುಗಿದಿದೆ, ಗಿಡದ ಅಲಂಕಾರ ಬಿಚ್ಚಿ ಅಟ್ಟಕ್ಕೆ ಹಾಕಬೇಕು, ಉಳಿದ ಅಡುಗೆಯನ್ನೇ ಬಿಸಿಮಾಡಿ ತಿನ್ನಬೇಕು, ಮಕ್ಕಳು ಶಾಲೆಗೆ ಹೋಗಬೇಕು. ಹಬ್ಬದ ಮರುದಿನದ ಈ ಬೇಸರವನ್ನು ಧರ್ಮಶಾಸ್ತ್ರಜ್ಞರು ಯಾಕೆ ಬಿಟ್ಟುಬಿಡುತ್ತಾರೋ, ಆಡನ್ ಬಿಡಲಿಲ್ಲ.

ಕಾಯುವುದು ರೂಪಕವಾಗಿ ಉಳಿಯದೆ ನಿಜವೇ ಆದದ್ದು ಬೊನ್‌ಹಾಫರನ ಬಾಳಿನಲ್ಲಿ. ಹಿಟ್ಲರನ ಸೆರೆಯಲ್ಲಿದ್ದ ಈ ಜರ್ಮನ್ ಪಾದ್ರಿ 1943ರ ನವೆಂಬರಿನಲ್ಲಿ ಗೆಳೆಯನಿಗೆ ಬರೆದ ಪತ್ರದಲ್ಲಿ, ಸೆರೆಮನೆಯ ಕೋಣೆಗೂ ಆಗಮನ ಕಾಲಕ್ಕೂ ಹೋಲಿಕೆ ಇದೆ, ಬಾಗಿಲು ತೆಗೆಯಬೇಕಾದವರು ಹೊರಗಿದ್ದಾರೆ ಎಂಬರ್ಥದ ಮಾತು ಹೇಳುತ್ತಾನೆ. ಮರುವರ್ಷ ಡಿಸೆಂಬರ್ 19ರಂದು ತಾನು ಮದುವೆಯಾಗಬೇಕಿದ್ದ ಹುಡುಗಿಗೆ ಬರೆದ ಪತ್ರದ ಜೊತೆ ಒಂದು ಕವಿತೆ ಇಟ್ಟ. 1945ರ ಏಪ್ರಿಲ್ 9ರಂದು ಅವನನ್ನು ಗಲ್ಲಿಗೇರಿಸಿದರು. ಆ ಕವಿತೆಯನ್ನು ಜರ್ಮನ್ನರು ಇಂದಿಗೂ ವರ್ಷದ ಕೊನೆಯ ಸಂಜೆ ಚರ್ಚಿನಲ್ಲಿ ಹಾಡುತ್ತಾರೆ.

ವೇಲ್ಸಿನ ಪಾದ್ರಿ ಆರ್. ಎಸ್. ಥಾಮಸ್ ಕಡಲ ಕೊನೆಯ ಅಬರ್‌ಡಾರನ್ ಊರಿನ ಖಾಲಿ ಚರ್ಚಿನಲ್ಲಿ ಮೊಣಕಾಲೂರಿ, ದೇವರು ಮಾತಾಡದೆ ಇರುವುದನ್ನೇ ಕೇಳಿಸಿಕೊಂಡ ಕವಿ. ಅವನ ಎದುರಿಗೆ ನಾನು ಜೋಸೆಫ್ ಬ್ರಾಡ್‌ಸ್ಕಿಯನ್ನು ಇಡಬಯಸುತ್ತೇನೆ. ಲೆನಿನ್‌ಗ್ರಾಡಿನ ಯಹೂದಿ, ಯಾವ ಚರ್ಚಿಗೂ ಸೇರದವನು, ಆದರೂ ಹೆಚ್ಚುಕಡಿಮೆ ಪ್ರತಿ ಕ್ರಿಸ್ಮಸ್ಸಿಗೂ ಒಂದು ಕವಿತೆ. ಹುಟ್ಟುಹಬ್ಬಕ್ಕೆ ಉಡುಗೊರೆ ಕಳಿಸಿದ ಹಾಗೆ. ಗಡೀಪಾರಾಗಿ ಅಮೆರಿಕಕ್ಕೆ ಹೋದ ಮೇಲೂ ಅದನ್ನು ಬಿಡಲಿಲ್ಲ. ಕೊನೆಯದು 1995ರ ಡಿಸೆಂಬರಿನದು, ಈಜಿಪ್ಟಿನ ದಾರಿಯಲ್ಲಿ ಗುಹೆಯಲ್ಲಿ ತಂಗಿದ ಕೂಸು ಮತ್ತು ತಂದೆತಾಯಿಯರ ಬಗ್ಗೆ. ಮರು ತಿಂಗಳು ತೀರಿಕೊಂಡ. ನಂಬಿಕೆ ಇವನಿಗೆ ಕೊಟ್ಟದ್ದು ಒಂದು ತಾರೀಖನ್ನು. ಬರೆಯುವವರಿಗೆ ಅದಕ್ಕಿಂತ ದೊಡ್ಡ ಉಪಕಾರ ಅಪರೂಪ. ಪ್ರತಿವರ್ಷ ಅದೇ ದಿನಕ್ಕೆ, ಅದೇ ಗುಹೆಗೆ ಮರಳಿ ಬರಬೇಕಾದಾಗ ಬದಲಾದದ್ದೇನು ಎಂಬುದು ತಾನಾಗಿ ಕಾಣುತ್ತದೆ. ಬ್ರಿಸ್ಟಲ್‌ನ ಆಸ್ಪತ್ರೆಯಲ್ಲಿ ಗುಮಾಸ್ತೆಯಾಗಿದ್ದ ಯು. ಎ. ಫ್ಯಾಂತೋರ್ಪ್ ಕೂಡ ಗೆಳೆಯರಿಗೆ ಕಾರ್ಡಿನ ಬದಲು ತಾನೇ ಬರೆದ ಪದ್ಯ ಕಳಿಸುತ್ತಿದ್ದಳು. ಈಗ ದಿನಕ್ಕೊಂದು ಕವಿತೆಯಂತೆ ಆಗಮನ ಕಾಲವನ್ನು ಓದಿ ಕಳೆಯುವ ಸಂಕಲನಗಳು ಇಂಗ್ಲಿಷಿನಲ್ಲಿ ರೂಢಿಯಾಗಿವೆ: ಜ್ಯಾನೆಟ್ ಮಾರ್ಲಿಯದು 2013ರಲ್ಲಿ, ಗೈಟ್‌ನದು 2015ರಲ್ಲಿ. ಪಾರಾಯಣದ ರುಚಿ ಹತ್ತಿದ ನಮಗೆ ಇದು ಹೊಸದೇನಲ್ಲ.

ಕನ್ನಡಕ್ಕೆ ಬಂದರೆ ಒಂದು ವಿಚಿತ್ರ ಕಾಣುತ್ತದೆ. ಕ್ರಿಸ್ತನ ಬಗ್ಗೆ ನಮ್ಮಲ್ಲಿ ಬಂದ ಅತ್ಯಂತ ಹೆಸರಾಂತ ಕಾವ್ಯ ಗೋವಿಂದ ಪೈಗಳ ‘ಗೊಲ್ಗೊಥಾ’. ಅದು ಸಾವಿನ ದಿನದ ಕಾವ್ಯ, ಬರೆದವರು ಕ್ರೈಸ್ತರಲ್ಲ. ಹುಟ್ಟಿನ ರಾತ್ರಿಯ ಮೇಲೆ ಆ ತೂಕದ ಕನ್ನಡ ಕಾವ್ಯ ನನ್ನ ಓದಿಗೆ ಸಿಕ್ಕಿಲ್ಲ. ಸಾಮಗ್ರಿ ಇಲ್ಲವೆಂದಲ್ಲ. ಇಂಗ್ಲಿಷಿನ ‘ಮೇಂಜರ್’ ಎಷ್ಟೋ ಜನರಿಗೆ ಈಗ ಹಾಡಿನಲ್ಲಷ್ಟೇ ಉಳಿದ ಪದ. ಗೋದಲಿ, ಉತ್ತರ ಕರ್ನಾಟಕದ ಬಾಯಲ್ಲಿ ಗ್ವಾದಲಿ, ಈಗಲೂ ದನ ಮೇವು ತಿನ್ನುವ ಜಾಗ. ಜೋಯಿಸರು ನಮ್ಮಲ್ಲಿ ಇನ್ನೂ ಪಂಚಾಂಗ ಬಿಚ್ಚುತ್ತಾರೆ. ಕರಿ ರಾತ್ರಿಯ ರೂಪಕ ಮಾತ್ರ ಇಲ್ಲಿಗೆ ಒಗ್ಗುವುದಿಲ್ಲ. ನಮ್ಮ ಡಿಸೆಂಬರ್ ಸುಗ್ಗಿಯ ತಿಂಗಳು, ಬೆಳಗಿನ ಚಳಿ, ಮಧ್ಯಾಹ್ನದ ಎಳೆಬಿಸಿಲು. ಆದರೆ ಧನುರ್ಮಾಸವಿದೆ. ಅದು ಹುಟ್ಟುವುದು ಡಿಸೆಂಬರ್ 16ರ ಸುಮಾರಿಗೆ, ‘ಓ’ ಪಲ್ಲವಿಗಳು ಶುರುವಾಗುವುದು 17ಕ್ಕೆ. ಮೇಲುಕೋಟೆಯಂಥ ಕಡೆ ನಸುಕಿನ ಕತ್ತಲಲ್ಲಿ ಆಂಡಾಳಿನ ‘ತಿರುಪ್ಪಾವೈ’ ದಿನಕ್ಕೊಂದರಂತೆ ಮೂವತ್ತು ಪಾಶುರ ನಡೆಯುತ್ತದೆ, ಮಲಗಿದವರನ್ನೂ ದೇವರನ್ನೂ ಎಬ್ಬಿಸಲು. ಒಂದಕ್ಕೊಂದು ನಂಟಿಲ್ಲ, ಕಾಕತಾಳೀಯ. ಅವರು ಸಂಜೆಗೆ ಬಾ ಎನ್ನುತ್ತಾರೆ, ಇವರು ಬೆಳಗಿಗೆ ಏಳು ಎನ್ನುತ್ತಾರೆ. ಎರಡನ್ನೂ ಕೇಳಿದ ಕಿವಿ ನಮ್ಮ ಕವಿಗಳದು, ಆದರೂ ಯಾಕೋ ಬರೆದಿಲ್ಲ.

ಬೆಂಗಳೂರಿನ ಅಂಗಡಿಗಳಲ್ಲಿ ಡಿಸೆಂಬರ್ ಬಂತೆಂದರೆ ಗೋದಲಿಯ ಮೇಲೆ ಉದುರಿಸಲು ಹತ್ತಿಯ ಹಿಮ ಮಾರುತ್ತಾರೆ, ಜನ ಕೊಳ್ಳುತ್ತಾರೆ. ಅದರ ಜೊತೆಗೇ ಕೆಲವು ಮನೆಗಳಲ್ಲಿ ಇನ್ನೊಂದು ಕೆಲಸ ನಡೆಯುತ್ತದೆ. ಹಬ್ಬಕ್ಕೆ ಹತ್ತು ಹನ್ನೆರಡು ದಿನ ಇರುವಾಗ ಅಗಲವಾದ ತಟ್ಟೆಗೆ ಮಣ್ಣು ಹಾಕಿ ರಾಗಿ ಚೆಲ್ಲುತ್ತಾರೆ. ದಿನಾ ನೀರು ಚಿಮುಕಿಸುವ ಪಾಳಿ ಮಕ್ಕಳದು. ಮೊದಲ ಮೂರು ದಿನ ಏನೂ ಕಾಣುವುದಿಲ್ಲ, ಮಣ್ಣು ಕೆದಕಿ ನೋಡಿ ಬೈಸಿಕೊಳ್ಳುವುದೂ ಆಗುತ್ತದೆ. 24ರ ಸಂಜೆಗೆ ಬೆರಳುದ್ದ ಪೈರು. ಅದನ್ನು ಗೋದಲಿಯ ಸುತ್ತ ಇಟ್ಟು, ಮಣ್ಣಿನ ಎತ್ತನ್ನು ಅದರ ಅಂಚಿನಲ್ಲಿ ನಿಲ್ಲಿಸುತ್ತಾರೆ, ಮೇಯುವ ಹಾಗೆ.